ಗಾಜಿನೊಳಗಿನ ಮರಿ

ಮಗುವಿನ ಕೈಗೆ ಒಂದು ಕೋಲು ಸಿಕ್ಕಿದರೆ ಅದು ಕುದುರೆಯಾಗುತ್ತದೆ. ಅದಕ್ಕೆ ಹುಲ್ಲು ಹಾಕಬೇಕು, ನೀರು ಕುಡಿಸಬೇಕು, ಓಡಿ ಬಳಲಿದ ಮೇಲೆ ಗೋಡೆಗೆ ಒರಗಿಸಿ ಮಲಗಿಸಬೇಕು. ಅದು ಬರಿಯ ಕೋಲೆಂಬುದು ಮಗುವಿಗೆ ತಿಳಿಯದ ಸಂಗತಿಯೇನೂ ಅಲ್ಲ. ತಾಯಿ ಊಟಕ್ಕೆ ಕರೆದೊಡನೆ ಕುದುರೆಯನ್ನು ಮೂಲೆಗೆಸೆದು ಓಡಿಬರುವುದೇ ಅದಕ್ಕೆ ಸಾಕ್ಷಿ. ಆದರೂ ಆಟ ನಡೆಯುವಷ್ಟು ಹೊತ್ತು ಆ ಕೋಲಿಗೆ ಹಸಿವಿದೆ, ಆಯಾಸವಿದೆ, ಒಂದು ಹೆಸರೂ ಇದೆ. ಜೀವವಿಲ್ಲದ ವಸ್ತುವಿಗೆ ಜೀವವನ್ನು ಕಲ್ಪಿಸಿ, ಆ ಜೀವದ ಯೋಗಕ್ಷೇಮವನ್ನು ತಾನೇ ಹೊರುವ ಈ ಶಕ್ತಿ ಮನುಷ್ಯನಿಗೆ ಎಳವೆಯಲ್ಲಿಯೇ ಬರುತ್ತದೆ. ಗೊಂಬೆಗೆ ಮಣ್ಣಿನ ಅನ್ನವನ್ನು ಉಣಿಸುವ ಹುಡುಗಿಯೂ, ಮರದ ಆನೆಯನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವ ಹುಡುಗನೂ ತಾವು ಅರಿಯದೆಯೇ ದೊಡ್ಡದೊಂದು ವಿದ್ಯೆಯನ್ನು ಅಭ್ಯಾಸ ಮಾಡುತ್ತಿರುತ್ತಾರೆ. ಇನ್ನೊಂದು ಜೀವಕ್ಕೆ ಏನು ಬೇಕೆಂದು ಊಹಿಸುವುದೇ ಆ ವಿದ್ಯೆ.

ನಮ್ಮ ಕಾಲದಲ್ಲಿ ಈ ಆಟಕ್ಕೆ ಹೊಸದೊಂದು ರೂಪ ಬಂದಿದೆ. ಗಾಜಿನ ತೆರೆಯ ಮೇಲೆ ಒಂದು ಮೊಟ್ಟೆ ಕಾಣುತ್ತದೆ. ಅದು ಒಡೆದು ವಿಚಿತ್ರವಾದ ಒಂದು ಮರಿ ಹೊರಬರುತ್ತದೆ. ಅದು ಹಸಿಯುತ್ತದೆ, ಅಳುತ್ತದೆ, ನಗುತ್ತದೆ, ನಿದ್ದೆ ಮಾಡುತ್ತದೆ. ಹತ್ತಾರು ಮೈಲಿ ದೂರದ ಪಟ್ಟಣದ ಮಕ್ಕಳು ಮಾತ್ರವೇ ಅಲ್ಲದೆ ಹಳ್ಳಿಯ ಜಗಲಿಯ ಮೇಲೆ ಕುಳಿತ ಮಕ್ಕಳೂ ಇಂದು ಇಂಥ ಮರಿಗಳನ್ನು ಸಾಕಬಲ್ಲರು. ಗೆಳೆಯರೊಡನೆ ಕೂಡಿ ಅವುಗಳಿಂದ ಪಂದ್ಯವನ್ನೂ ಆಡಿಸಬಲ್ಲರು. ಇದು ಕೇವಲ ಕಾಲಹರಣವೇ? ಅಥವಾ ಕೋಲುಕುದುರೆಯ ಆಟದಂತೆ ಇದರಲ್ಲಿಯೂ ಕಲಿಯುವುದೇನಾದರೂ ಇದೆಯೇ? ಇದನ್ನು ಸ್ವಲ್ಪ ವಿಚಾರ ಮಾಡಿ ನೋಡೋಣ.

ಮೊದಲು ನಮ್ಮ ನೆಲದ ಆಟಗಳತ್ತ ಕಣ್ಣು ಹಾಯಿಸುವುದು ಒಳ್ಳೆಯದು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆ ಕಪಿಲೆಯೂ ಕಾವೇರಿಯೂ ಕೂಡುವ ನಾಡು. ಬೇಸಾಯವನ್ನು ನಂಬಿದ ನಾಡು. ಖಾದಿಯ ಕೆಲಸದಿಂದಲೂ, ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರ ಹೆಸರಿನಿಂದಲೂ ಪರಿಚಿತವಾದ ತಗಡೂರು ಈ ಸೀಮೆಯ ಒಂದು ಊರು. ಇಂಥ ಊರುಗಳಲ್ಲಿ ದನಕರುಗಳು ಮನೆಯ ಮಂದಿಯೊಳಗೆ ಸೇರಿದವು. ಸುತ್ತೂರಿನ ಜಾತ್ರೆಯಲ್ಲಿಯೂ ಮುಡುಕುತೊರೆಯ ಜಾತ್ರೆಯಲ್ಲಿಯೂ ಸೇರುವ ದನಗಳನ್ನು ನೋಡಲು ಹೋಗುವುದು ಮಕ್ಕಳಿಗೆ ದೊಡ್ಡ ಸಂಭ್ರಮ. ಸಂಕ್ರಾಂತಿಯ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವಾಗ ಮನೆಯ ಚಿಕ್ಕವರೂ ಹಗ್ಗ ಹಿಡಿಯಲು ಮುಂದಾಗುತ್ತಾರೆ. ಹೀಗಿರುವಾಗ ಅವರ ಆಟಗಳಲ್ಲಿಯೂ ದನಕರುಗಳು ಬಂದುದು ಸಹಜವೇ. ಜೋಳದ ದಂಟಿನ ಬೆಂಡಿನಿಂದ ಗಾಡಿಯನ್ನೂ ಕೆರೆಯ ಜೇಡಿಮಣ್ಣಿನಿಂದ ಜೋಡಿ ಎತ್ತುಗಳನ್ನೂ ಮಾಡಿ ಆಡಿದ ತಲೆಮಾರುಗಳು ಎಷ್ಟೋ.

ಹಲಗೆಯ ಆಟಗಳಲ್ಲಿಯೂ ಪ್ರಾಣಿಗಳಿವೆ. ಅಳಗುಳಿಮಣೆಯನ್ನು ನೀವು ನೋಡಿರಬಹುದು. ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗಳಲ್ಲಿ ಹುಣಿಸೆಯ ಬೀಜ. ಇದೇ ಬಗೆಯ ಆಟವನ್ನು ನೆರೆಯ ತಮಿಳುನಾಡಿನಲ್ಲಿ ಪಲ್ಲಾಂಗುಳಿ ಎನ್ನುತ್ತಾರೆ. ಅಲ್ಲಿ ಬೀಜಗಳನ್ನು ಹಂಚುತ್ತ ಹೋದಾಗ ಒಂದು ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದಕ್ಕೆ ‘ಪಸು’ ಎಂದು ಹೆಸರು. ಪಸು ಎಂದರೆ ಹಸು. ನಾಲ್ಕು ಹುಣಿಸೆಬೀಜ ಸೇರಿದೊಡನೆ ಅಲ್ಲೊಂದು ಹಸು ಹುಟ್ಟಿತು! ಅದಕ್ಕೆ ಕೊಂಬಿಲ್ಲ, ಬಾಲವಿಲ್ಲ, ಕೆಚ್ಚಲಿಲ್ಲ. ಆದರೂ ಗುಳಿಯ ಒಡೆಯ ಅದನ್ನು ಸಂತೋಷದಿಂದ ಎತ್ತಿಕೊಂಡು ತನ್ನ ಬಳಿ ಇರಿಸಿಕೊಳ್ಳುತ್ತಾನೆ. ಗಾಜಿನ ತೆರೆ ಬರುವುದಕ್ಕೆ ಬಹಳ ಮೊದಲೇ ನಮ್ಮ ಸೀಮೆಯ ನೆರೆಯಲ್ಲಿ ಜನ ಇಲ್ಲದ ಹಸುಗಳನ್ನು ಜತೆಗಾರರ ಎದುರು ಕುಳಿತು ಗಳಿಸುತ್ತಿದ್ದರು.

ಆಡುಹುಲಿಯ ಆಟವೂ ಇಂಥದೇ. ಹಳೆಯ ದೇವಾಲಯಗಳ ಜಗಲಿಯ ಕಲ್ಲುಗಳ ಮೇಲೆ ಗೀಚಿದ ತ್ರಿಕೋನದ ಮನೆಗಳನ್ನು ನಾಡಿನ ಅನೇಕ ಕಡೆಗಳಲ್ಲಿ ಇಂದಿಗೂ ಕಾಣಬಹುದು. ಅದರ ಒಂದು ಪ್ರಸಿದ್ಧವಾದ ಬಗೆಯಲ್ಲಿ ಹುಲಿಗಳು 3, ಆಡುಗಳು 15. ಒಂಟಿಯಾಗಿ ನಿಂತ ಆಡಿನ ಬೆನ್ನಿಗೆ ಖಾಲಿ ಮನೆ ಇದ್ದರೆ ಹುಲಿ ಅದರ ಮೇಲೆ ಹಾರಿ ಕೊಲ್ಲುತ್ತದೆ. ಒಂದರ ಹಿಂದೆ ಒಂದು ಒತ್ತಾಗಿ ನಿಂತರೆ ಹಾರಲಾರದು. ಬಲವಿಲ್ಲದವರಿಗೆ ಒಗ್ಗಟ್ಟೇ ಬಲವೆಂಬ ಮಾತನ್ನು ಈ ಆಟ ಬೋಧಿಸುವುದಿಲ್ಲ, ಮಾಡಿ ತೋರಿಸುತ್ತದೆ. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಹಲಗೆಯ ಆಟಗಳಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ತಾವೇ ಹೊಸ ಆಟಗಳನ್ನು ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳ ವಿವರಣೆಯಿದೆ. ಆಟವೆಂಬುದು ವಿದ್ವಾಂಸರ ಗಮನಕ್ಕೂ ಅರಸರ ಗಮನಕ್ಕೂ ಪಾತ್ರವಾದ ವಿಷಯವೆಂಬುದು ಇದರಿಂದ ತಿಳಿಯುತ್ತದೆ.

ಈಗ ಹೊಸ ಮರಿಯ ಕಥೆಗೆ ಬರೋಣ. ಅದು ಹುಟ್ಟಿದುದು ಜಪಾನಿನಲ್ಲಿ. ವಿಜ಼್ ಎಂಬ ಸಂಸ್ಥೆಯ ಅಕಿಹಿರೊ ಯೊಕೊಯ್ ಮತ್ತು ಬಂದಾಯ್ ಎಂಬ ಆಟಿಕೆಯ ಕಂಪನಿಯ ಅಕಿ ಮೈತಾ ಎಂಬುವರು ಸೇರಿ ಒಂದು ಪುಟ್ಟ ಯಂತ್ರವನ್ನು ರೂಪಿಸಿದರು. 1996ರ ನವೆಂಬರ್ ತಿಂಗಳಲ್ಲಿ ಅದು ಅಂಗಡಿಗಳಿಗೆ ಬಂದಿತು. ಅದರ ಹೆಸರು ತಮಾಗೊಚ್ಚಿ. ‘ತಮಾಗೊ’ ಎಂದರೆ ಜಪಾನಿ ಭಾಷೆಯಲ್ಲಿ ಮೊಟ್ಟೆ. ಹೆಸರಿನ ಉತ್ತರಾರ್ಧ ಗಡಿಯಾರವೆಂಬ ಅರ್ಥದ ‘ವಾಚ್’ ಎಂಬ ಇಂಗ್ಲಿಷ್ ಶಬ್ದದಿಂದ ಬಂದುದು. ಮೊಟ್ಟೆಯೂ ಗಡಿಯಾರವೂ ಒಂದಾದ ವಸ್ತುವೆಂದೇ ಅದರ ತಾತ್ಪರ್ಯ. ರೂಪವೂ ಹಾಗೆಯೇ ಇತ್ತು: ಅಂಗೈಯಲ್ಲಿ ಅಡಗುವ ಮೊಟ್ಟೆಯಾಕಾರ, ನಡುವೆ ಚಿಕ್ಕದೊಂದು ಕಪ್ಪುಬಿಳುಪಿನ ತೆರೆ, ಕೆಳಗೆ 3 ಗುಂಡಿ.

ಈ ಯಂತ್ರದ ನಡೆಯನ್ನು ತಿಳಿದರೆ ಅದರ ಮೋಹದ ಗುಟ್ಟು ತಿಳಿಯುತ್ತದೆ. ಚಾಲನೆ ಮಾಡಿದ ಕೆಲವೇ ನಿಮಿಷಗಳಲ್ಲಿ ಮೊಟ್ಟೆ ಒಡೆದು ಮರಿ ಬರುತ್ತದೆ. ಅದರ ಹಸಿವನ್ನೂ ಸಂತೋಷವನ್ನೂ ತೋರಿಸಲು ನಾಲ್ಕು ನಾಲ್ಕು ಹೃದಯದ ಚಿಹ್ನೆಗಳಿವೆ. ಹೊತ್ತು ಕಳೆದಂತೆ ಅವು ಬರಿದಾಗುತ್ತವೆ. ಊಟ ಕೊಟ್ಟರೆ, ಆಡಿಸಿದರೆ ತುಂಬುತ್ತವೆ. ಮರಿ ಹೊಲಸು ಮಾಡಿದರೆ ತೊಳೆಯಬೇಕು. ಕಾಯಿಲೆಯಾದರೆ ಔಷಧ ಕೊಡಬೇಕು. ಮಲಗಿದಾಗ ದೀಪ ಆರಿಸಬೇಕು. ನಮ್ಮ ಒಂದು ದಿನ ಅದಕ್ಕೆ ಒಂದು ವರ್ಷ. ಒಳಗಿನ ಗಡಿಯಾರ ಸದಾ ನಡೆಯುತ್ತಿರುವುದರಿಂದ, ಸಾಕುವವನು ಮರೆತರೂ ಮರಿಗೆ ವಯಸ್ಸಾಗುತ್ತದೆ, ಹಸಿವಾಗುತ್ತದೆ. ಬಹಳ ಹೊತ್ತು ಅಲಕ್ಷ್ಯ ಮಾಡಿದರೆ ಅದು ಸಾಯುತ್ತದೆ. ಜಪಾನಿನ ಯಂತ್ರದಲ್ಲಿ ಆಗ ಒಂದು ಗೋರಿ ಕಾಣುತ್ತಿತ್ತು. ಅಮೆರಿಕಕ್ಕೆ ಇದು 1997ರಲ್ಲಿ ಹೋದಾಗ ಮಕ್ಕಳ ಮನಸ್ಸು ನೋಯಬಾರದೆಂದು, ಮರಿ ತನ್ನ ಲೋಕಕ್ಕೆ ಹಿಂದಿರುಗಿತೆಂಬ ಕಲ್ಪನೆಯನ್ನು ಇರಿಸಿದರು. ಈ ಯಂತ್ರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮರಿ ಕೆಲವೊಮ್ಮೆ ಹಸಿವಿಲ್ಲದೆ, ಕಾಯಿಲೆಯಿಲ್ಲದೆ, ಸುಮ್ಮನೆ ಹಟಕ್ಕಾಗಿ ಕರೆಯುತ್ತದೆ. ಆಗ ಅದಕ್ಕೆ ಊಟ ಕೊಡದೆ ಗದರಿಸಬೇಕು. ಇಲ್ಲವಾದರೆ ಅದು ಶಿಸ್ತು ಕಲಿಯುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಪಾಠದ ಹೊತ್ತಿನಲ್ಲಿಯೂ ಮರಿಗೆ ಹಸಿವಾಗುತ್ತಿದ್ದುದರಿಂದ ಮಕ್ಕಳು ಯಂತ್ರವನ್ನು ಶಾಲೆಗೆ ತಂದರು. ಕೂಗು ಕೇಳಿ ಬೇಸತ್ತ ಅನೇಕ ಶಾಲೆಗಳು ಅದನ್ನು ನಿಷೇಧಿಸಿದವು. ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ‘ಇಗ್ ನೊಬೆಲ್’ ಎಂಬ ವಿನೋದದ ಬಹುಮಾನವೊಂದುಂಟು. 1997ರಲ್ಲಿ ಅರ್ಥಶಾಸ್ತ್ರದ ಇಗ್ ನೊಬೆಲ್ ಯೊಕೊಯ್ ಮತ್ತು ಮೈತಾ ಅವರಿಗೆ ಸಂದಿತು. ದುಡಿಮೆಗೆ ಸಲ್ಲಬೇಕಾದ ಲಕ್ಷಾಂತರ ಗಂಟೆಗಳನ್ನು ಇಲ್ಲದ ಪ್ರಾಣಿಗಳ ಸಾಕಣೆಗೆ ತಿರುಗಿಸಿದರೆಂಬುದೇ ಅದಕ್ಕೆ ಕೊಟ್ಟ ಕಾರಣ. ಹಾಸ್ಯದ ಮಾತಾದರೂ ಇದರಲ್ಲಿ ಒಂದು ಪ್ರಶ್ನೆ ಅಡಗಿದೆ: ಇಲ್ಲದ ಹಸಿವನ್ನು ತಣಿಸಲು ಜನ ಇಷ್ಟೊಂದು ಹೊತ್ತನ್ನು ಏಕೆ ಕೊಟ್ಟರು?

ಯಂತ್ರಗಳೊಡನೆ ಮಕ್ಕಳು ಹೇಗೆ ವರ್ತಿಸುತ್ತಾರೆಂಬುದನ್ನು ಬಹುಕಾಲ ಅಭ್ಯಾಸ ಮಾಡಿದ ಅಮೆರಿಕದ ವಿದುಷಿ ಶೆರಿ ಟರ್ಕಲ್ ಇದಕ್ಕೆ ಸೂಕ್ಷ್ಮವಾದ ಉತ್ತರವನ್ನು ಕಂಡುಕೊಂಡಿದ್ದಾರೆ. ಪ್ರೀತಿಸಿದುದನ್ನು ನಾವು ಸಾಕುತ್ತೇವೆ ಎಂಬುದು ಎಲ್ಲರೂ ಬಲ್ಲ ಮಾತು. ಇದು ಹಿಂದುಮುಂದಾದರೂ ಸತ್ಯವೇ ಎಂದು ಅವರು ತೋರಿಸಿದರು: ಸಾಕಿದುದನ್ನು ನಾವು ಪ್ರೀತಿಸತೊಡಗುತ್ತೇವೆ. ದಿನವೂ ನೀರೆರೆದ ಗಿಡ ಬಾಡಿದರೆ ಮನಸ್ಸು ನೋಯುತ್ತದೆ. ನೀರೆರೆಯದ ಗಿಡ ಬಾಡಿದರೆ ಕಣ್ಣಿಗೂ ಬೀಳುವುದಿಲ್ಲ. ಕರುವನ್ನು ಮೇಯಿಸಿದ ಹುಡುಗ, ಅದನ್ನು ಜಾತ್ರೆಯಲ್ಲಿ ಮಾರಿ ಬರಿಗೈಯಲ್ಲಿ ಹಗ್ಗ ಹಿಡಿದು ಬರುವಾಗ ಅಳುವುದು ಏಕೆ? ಅವನು ಕೊಟ್ಟ ಹೊತ್ತು ಆ ಕರುವಿನಲ್ಲಿ ಸೇರಿಹೋಗಿದೆ. ಗಾಜಿನೊಳಗಿನ ಮರಿಯೂ ನಮ್ಮ ಹೊತ್ತನ್ನು ಬೇಡಿಯೇ ನಮ್ಮ ಪ್ರೀತಿಯನ್ನು ಪಡೆಯುತ್ತದೆ. ಅದರ ತೊಂದರೆಯೇ ಅದರ ಆಕರ್ಷಣೆ.

ಆದರೆ ಮೊದಲ ತಮಾಗೊಚ್ಚಿಯಲ್ಲಿ ಒಂದು ಕೊರತೆಯಿತ್ತು. ಅದು ಒಬ್ಬ ಮಗು ಮತ್ತು ಒಂದು ಮೊಟ್ಟೆಯ ನಡುವಣ ವ್ಯವಹಾರ. ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಅದರಲ್ಲಿ ಪಾತ್ರವಿರಲಿಲ್ಲ. ಕಾಲಕ್ರಮದಲ್ಲಿ ಅದನ್ನು ಮಾಡಿದವರೇ ಗೆಳೆಯರನ್ನು ಒಳಗೆ ತಂದರು. 2004ರಲ್ಲಿ ಬಂದ ಹೊಸ ಮಾದರಿಯಲ್ಲಿ ಎರಡು ಯಂತ್ರಗಳನ್ನು ಎದುರುಬದುರಾಗಿ ಹಿಡಿದರೆ ಕಣ್ಣಿಗೆ ಕಾಣದ ಕಿರಣಗಳ ಮೂಲಕ ಒಬ್ಬರ ಮರಿ ಇನ್ನೊಬ್ಬರ ಮರಿಯೊಡನೆ ಆಡಬಹುದಾಗಿತ್ತು. 2006ರ ಕೊನೆಯಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರಕ್ಕಾಗಿ ಜಪಾನಿನಲ್ಲಿ ಒಂದು ವಿಚಿತ್ರವಾದ ಆಟ ಬಂದಿತು; ಮರುವರ್ಷ ಅದು ‘ತಮಾಗೊಚ್ಚಿ: ಪಾರ್ಟಿ ಆನ್’ ಎಂಬ ಹೆಸರಿನಿಂದ ಅಮೆರಿಕಕ್ಕೂ ಹೋಯಿತು. ಇದರಲ್ಲಿ ಮರಿಗಳು ಚುನಾವಣೆಗೆ ನಿಲ್ಲುತ್ತವೆ! ತಮಾಗೊಚ್ಚಿಗಳ ಲೋಕಕ್ಕೆ ಅಧ್ಯಕ್ಷರನ್ನು ಆರಿಸಬೇಕು. ನಾಲ್ವರವರೆಗೆ ಗೆಳೆಯರು ಒಂದೇ ಟೆಲಿವಿಷನ್ ಮುಂದೆ ಕುಳಿತು, ತಮ್ಮ ತಮ್ಮ ಮರಿಯನ್ನು ಹಲಗೆಯ ಆಟದಂತೆ ಮನೆಯಿಂದ ಮನೆಗೆ ನಡೆಸುತ್ತ, ನಡುನಡುವೆ ಚಿಕ್ಕಪುಟ್ಟ ಪಂದ್ಯಗಳನ್ನು ಆಡುತ್ತ, ಆ ಲೋಕದವರ ಮೆಚ್ಚುಗೆಯನ್ನು ಗಳಿಸಲು ಹೆಣಗಬೇಕು. ಗ್ರಾಮ ಪಂಚಾಯಿತಿಯ ಚುನಾವಣೆಯ ಗದ್ದಲವನ್ನು ಕಂಡಿರುವ ನಿಮಗೆ, ಬಾಲವುಳ್ಳ ಉಮೇದುವಾರರು ಮತ ಕೇಳುವ ಈ ನೋಟವನ್ನು ಊಹಿಸುವುದು ಕಷ್ಟವಾಗದು. ಒಂಟಿ ಮೊಟ್ಟೆಯಿಂದ ಹೊರಟ ಆಟ ಹತ್ತು ವರ್ಷಗಳಲ್ಲಿ ಚೌಕಾಬಾರದ ಚಾಪೆಗೆ ಬಂದು ತಲಪಿತು. ನಗಲು ಒಬ್ಬನಿದ್ದರೆ ಸಾಲದು. ನಗುವನ್ನು ಹಂಚಿಕೊಳ್ಳಲು ಮಗ್ಗುಲಲ್ಲಿ ಇನ್ನೊಬ್ಬನು ಬೇಕು.

ಇಂಥ ಆಟವೊಂದು ತಗಡೂರಿನಂಥ ಊರಿನ ಒಂದು ಜಗಲಿಗೆ ಬಂದಿತೆಂದು ಭಾವಿಸೋಣ. ದಸರೆಯ ರಜೆಯ ಮಧ್ಯಾಹ್ನ. ಮಕ್ಕಳು ನಾಲ್ವರು, ಮೊಬೈಲು ಒಂದು. ಅದೂ ಒಬ್ಬನ ಅಣ್ಣನದು. ಆದುದರಿಂದ ಸರದಿಯ ಮೇಲೆ ಆಟ. ಒಬ್ಬೊಬ್ಬರಿಗೂ ಒಂದೊಂದು ಮರಿ. ಒಂದಕ್ಕೆ ತಲೆಯ ಮೇಲೆ ಎಲೆ ಚಿಗುರಿದೆ. ಇನ್ನೊಂದು ಸೀನಿದರೆ ಅದರ ಟೋಪಿ ಹಾರುತ್ತದೆ. ಆಡುವವರು ಒಬ್ಬರಾದರೆ ಕೂಗುವವರು ಮೂವರು.

“ಬೇಗ ತೊಳಿಯೋ, ಅದು ಅಳ್ತಾ ಅದೆ!”

“ನಿನ್ನ ಸರದಿ ಮುಗೀತು. ಇತ್ತ ಕೊಡು.”

ಇವರಲ್ಲಿ ಚಿಕ್ಕವನಾದ ಹುಡುಗ ತನ್ನ ಸರದಿ ಬರುವಷ್ಟರಲ್ಲಿ ತಡವಾಯಿತು. ಮೂವರೂ ಪಂದ್ಯದ ಉತ್ಸಾಹದಲ್ಲಿ ಅವನ ಮರಿಯ ಹಸಿವನ್ನು ಗಮನಿಸಲೇ ಇಲ್ಲ. ಮೊಬೈಲು ಕೈಗೆ ಬಂದಾಗ ಅದು ಮಿಸುಕದೆ ಬಿದ್ದಿತ್ತು.

“ಅಣ್ಣಾ, ನನ್ನ ಮರಿ ಸತ್ತೋಯ್ತು.”

“ಅಯ್ಯೋ, ಅದು ಸುಳ್ಳು ಮರಿ ಕಣೋ! ಇನ್ನೊಂದು ಮೊಟ್ಟೆ ಒತ್ತು” ಎಂದು ದೊಡ್ಡವರಿಬ್ಬರು ನಕ್ಕರು. ಚಿಕ್ಕವನು ನಗಲಿಲ್ಲ. ಕಂಬದ ಕಡೆಗೆ ಮುಖ ತಿರುಗಿಸಿದನು. ಆಗ ಆ ಗುಂಪಿನ ಹುಡುಗಿ ತನ್ನ ಸರದಿಯನ್ನು ಬಿಟ್ಟು, “ಬಾರೋ ಇಲ್ಲಿ. ನನ್ನ ಮರೀನ ಇಬ್ರೂ ಸೇರಿ ಸಾಕೋಣ. ನೀನು ಊಟ ಹಾಕು, ನಾನು ಓಡಿಸ್ತೀನಿ” ಎಂದಳು.

ಇಲ್ಲಿ ನಡೆದುದೇನು? ನಕ್ಕವರು ಹೇಳಿದ ಮಾತು ಸುಳ್ಳಲ್ಲ. ಮರಿ ನಿಜವಾಗಿಯೂ ಸುಳ್ಳು ಮರಿಯೇ. ಅದಕ್ಕೆ ಹಸಿವಾಗಲಿಲ್ಲ, ನೋವಾಗಲಿಲ್ಲ, ಅದು ಸಾಯಲೂ ಇಲ್ಲ. ತೆರೆಯ ಮೇಲಿನ ಕೆಲವು ಬೆಳಕಿನ ಚುಕ್ಕೆಗಳು ಸ್ಥಾನ ಬದಲಿಸಿದವು, ಅಷ್ಟೇ. ಆದರೆ ಹುಡುಗನ ಕಣ್ಣಿಗೆ ಬಂದ ನೀರು ನಿಜವಾದ ನೀರು. ಆಟದ ಒಳಗಿನ ಜೀವ ಕಲ್ಪನೆಯಾದರೂ ಆಟದ ಹೊರಗೆ ಕುಳಿತ ಜೀವ ಕಲ್ಪನೆಯಲ್ಲ. ಇಬ್ಬರು ಮರಿಯನ್ನು ನೋಡಿ ಲೆಕ್ಕ ಹಾಕಿದರು. ಒಬ್ಬಳು ಗೆಳೆಯನ ಮುಖವನ್ನು ನೋಡಿದಳು. ಆ ಮಧ್ಯಾಹ್ನದ ಆಟದಲ್ಲಿ ಯಾರ ಮರಿ ಗೆದ್ದಿತೆಂಬುದು ಸಂಜೆಗೆ ಮರೆತುಹೋಗುತ್ತದೆ. ಆ ಹುಡುಗಿ ತನ್ನ ಸರದಿಯನ್ನು ಬಿಟ್ಟುಕೊಟ್ಟುದು ಚಿಕ್ಕವನಿಗೆ ಬಹುಕಾಲ ನೆನಪಿರುತ್ತದೆ.

ಈ ಬಗೆಯ ಆಟದ ಬೆಲೆಯೆಲ್ಲ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಇನ್ನೊಂದು ಜೀವಕ್ಕೆ ಏನು ಬೇಕೆಂದು ಗಮನಿಸುವ ಅಭ್ಯಾಸವನ್ನು ಗಾಜಿನೊಳಗಿನ ಮರಿ ನಮ್ಮಲ್ಲಿ ಎಬ್ಬಿಸುತ್ತದೆ. ಎದ್ದ ಆ ಅಭ್ಯಾಸ ಗಾಜಿನಲ್ಲಿಯೇ ನಿಂತುಹೋದರೆ ಅದು ಗುಳಿಯಲ್ಲಿ ಬಿದ್ದ ಹುಣಿಸೆಬೀಜದಂತೆ ಮೊಳೆಯದೆ ಉಳಿಯುತ್ತದೆ. ಅಲ್ಲಿಂದ ಹೊರಟು ಮಗ್ಗುಲಲ್ಲಿ ಕುಳಿತವನನ್ನು ಮುಟ್ಟಿದರೆ ಆಟ ಸಾರ್ಥಕವಾಗುತ್ತದೆ. ಮರಿ ಒಂದು ನೆಪ. ಗೆಳೆತನವೇ ಅಲ್ಲಿ ಬೆಳೆಯಬೇಕಾದ ಪೈರು.

ಈ ಮರಿಗೂ ಕೊಟ್ಟಿಗೆಯ ಕರುವಿಗೂ ಇರುವ ಅಂತರವನ್ನು ಮರೆಯುವಂತಿಲ್ಲ. ಹುಟ್ಟಿದ ಕರು ಮೊದಲ ಕೆಲವು ಗಂಟೆಗಳೊಳಗೆ ತಾಯಿಯ ಗಿಣ್ಣುಹಾಲನ್ನು ಕುಡಿಯಬೇಕು. ರೋಗಗಳನ್ನು ತಡೆಯುವ ಶಕ್ತಿ ಅದಕ್ಕೆ ಆ ಹಾಲಿನಿಂದಲೇ ಬರಬೇಕು. ಹೊತ್ತು ಮೀರಿದ ಮೇಲೆ ಕುಡಿದರೆ ಆ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳಲಾರದು. ಆ ಗಂಟೆಗಳನ್ನು ಹಿಂದಕ್ಕೆ ತರುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ. ಕರುವಿಗೆ ಜಂತುಹುಳುವಿನ ಔಷಧ ಕುಡಿಸಬೇಕು. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸಬೇಕು. ಗಂಜಲ ನಿಲ್ಲದಂತೆ ಕೊಟ್ಟಿಗೆಯನ್ನು ಗುಡಿಸಬೇಕು. ಸಗಣಿಗೆ ವಾಸನೆಯಿದೆ, ಮಳೆಗಾಲದಲ್ಲಿ ಸೊಳ್ಳೆಯಿದೆ, ಚಳಿಗಾಲದ ಬೆಳಗಿನಲ್ಲಿ ಏಳುವ ಸಂಕಟವಿದೆ. ತೆರೆಯ ಮೇಲಿನ ಮರಿಯನ್ನು ತೊಳೆಯಲು ಒಂದು ಬೆರಳು ಸಾಕು. ಕರುವನ್ನು ತೊಳೆಯಲು ಬಾವಿಯಿಂದ ನೀರು ಸೇದಬೇಕು. ಸತ್ತ ಮರಿಯ ಜಾಗಕ್ಕೆ ಹೊಸ ಮೊಟ್ಟೆ ಬರುತ್ತದೆ. ಸತ್ತ ಕರುವಿನ ಜಾಗದಲ್ಲಿ ಬರಿಯ ಗೂಟ ಉಳಿಯುತ್ತದೆ. ಆಟದಲ್ಲಿ ಕಲಿತ ಅಕ್ಕರೆ ನಿಜವೋ ಅಲ್ಲವೋ ಎಂಬುದು ತಿಳಿಯಬೇಕಾದರೆ ವಾಸನೆಯುಳ್ಳ, ಭಾರವುಳ್ಳ, ಮರಳಿ ಬಾರದ ಇಂಥ ಜೀವದ ಎದುರಿನಲ್ಲಿಯೇ ತಿಳಿಯಬೇಕು.

ಇನ್ನೂ ಒಂದು ಅಂತರವಿದೆ. ಕರುವಿನ ಕೂಗಿಗೆ ಕೊನೆಯಿದೆ. ಹೊಟ್ಟೆ ತುಂಬಿದರೆ ಅದು ಮಲಗುತ್ತದೆ. ನಮ್ಮನ್ನು ನಮ್ಮ ಕೆಲಸಕ್ಕೆ ಬಿಡುತ್ತದೆ. ಯಂತ್ರದ ಕೂಗು ಎಷ್ಟು ಹೊತ್ತಿಗೊಮ್ಮೆ ಬರಬೇಕೆಂಬುದನ್ನು ಎಲ್ಲಿಯೋ ಕುಳಿತ ಮನುಷ್ಯರು ಗೊತ್ತುಮಾಡಿರುತ್ತಾರೆ. ಮೊದಲ ತಮಾಗೊಚ್ಚಿಯನ್ನು ಒಂದು ಸಲ ಹಣ ಕೊಟ್ಟು ಕೊಂಡರೆ ಮುಗಿಯಿತು. 2013ರಲ್ಲಿ ಬಂದ ‘ಮೈ ಟಾಕಿಂಗ್ ಟಾಮ್’ ಎಂಬ ಬೆಕ್ಕಿನ ಆಟದಂಥ ಮೊಬೈಲಿನ ಆಟಗಳು ಬಿಟ್ಟಿಯಾಗಿ ದೊರೆಯುತ್ತವೆ. ಆದರೆ ಅವುಗಳಲ್ಲಿ ಜಾಹೀರಾತುಗಳಿರುತ್ತವೆ. ಆಟದ ನಾಣ್ಯಗಳನ್ನು ನಿಜವಾದ ಹಣದಿಂದ ಕೊಳ್ಳುವ ಅಂಗಡಿಯಿರುತ್ತದೆ. ನಾವು ಎಷ್ಟು ಹೆಚ್ಚು ಹೊತ್ತು ನೋಡುತ್ತೇವೆಯೋ ಅಷ್ಟು ಹೆಚ್ಚು ಜಾಹೀರಾತು. ಆದುದರಿಂದ ‘ಮರಿಗೆ ಹಸಿವಾಗಿದೆ, ಬೇಗ ಬಾ’ ಎಂದು ರಾತ್ರಿ ಮೊಬೈಲು ಮಿನುಗಿದಾಗ ಹಸಿದಿರುವವರು ಯಾರೆಂದು ಒಂದು ಗಳಿಗೆ ಯೋಚಿಸುವುದು ಜಾಣತನ. ಹಸಿವಿಲ್ಲದೆ ಹಟಕ್ಕಾಗಿ ಕರೆಯುವ ಮರಿಯನ್ನು ಗದರಿಸಬೇಕೆಂದು ತಮಾಗೊಚ್ಚಿಯೇ ಕಲಿಸಿತ್ತಲ್ಲವೇ? ಆ ಪಾಠವನ್ನು ಯಂತ್ರದ ಮೇಲೆಯೇ ಪ್ರಯೋಗಿಸಬಹುದು. ಕರೆದಾಗಲೆಲ್ಲ ಓಡುವವನು ಆಟಗಾರನಲ್ಲ. ಅವನೇ ಸಾಕಿದ ಪ್ರಾಣಿ.

ಹೀಗೆಂದ ಮಾತ್ರಕ್ಕೆ ಇಂಥ ಆಟಗಳನ್ನು ದೂರವಿಡಬೇಕೆಂದು ಅರ್ಥವಲ್ಲ. ಅಳಗುಳಿಮಣೆಯ ಮುಂದೆ ಹೊತ್ತು ಕಳೆಯುವವರನ್ನೂ ಹಿರಿಯರು ಗದರಿಸುತ್ತಿದ್ದರು. ಆಟದ ಸಾಮಗ್ರಿ ಹುಣಿಸೆಬೀಜವೋ ಬೆಳಕಿನ ಚುಕ್ಕೆಯೋ ಎಂಬುದರಿಂದ ಅದರ ಒಳಿತು ಕೆಡುಕುಗಳು ತೀರ್ಮಾನವಾಗುವುದಿಲ್ಲ. ಅದನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು. ಆಟ ನಾವು ಬೇಕೆಂದಾಗ ನಿಲ್ಲುತ್ತದೆಯೇ? ಸೋತವನಿಗೆ ಅದರಲ್ಲಿ ಮತ್ತೆ ಸ್ಥಳವಿದೆಯೇ? ಆಟ ಮುಗಿದಾಗ ನಮ್ಮ ಜೊತೆಯಲ್ಲಿ ಯಾರಾದರೂ ಉಳಿದಿದ್ದಾರೆಯೇ? ಜಗಲಿಯ ಮೇಲಿನ ಚೌಕಾಬಾರ ಈ ಮೂರಕ್ಕೂ ಹೌದೆನ್ನುತ್ತಿತ್ತು. ಕವಡೆಗಳನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಅವು ಕರೆಯುತ್ತಿರಲಿಲ್ಲ. ಹೊಡೆತ ತಿಂದ ಕಾಯಿ ತನ್ನ ಮೊದಲಿನ ಮನೆಯಿಂದ ಮತ್ತೆ ಹೊರಟು, ಸುತ್ತು ಮುಗಿಸಿ ಹಣ್ಣಾಗಬಹುದಾಗಿತ್ತು. ಆಟ ಮುಗಿದ ಮೇಲೆ ಆಡಿದವರು ಅದೇ ಜಗಲಿಯಲ್ಲಿ ಕುಳಿತು ಹುರಿಗಡಲೆಯನ್ನು ಹಂಚಿಕೊಳ್ಳುತ್ತಿದ್ದರು. ಹೊಸ ಆಟವನ್ನು ಆಡುವಾಗಲೂ ಈ ಮೂರನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ, ಯಂತ್ರದ ಕೈಯಲ್ಲಿಲ್ಲ.

ಮನುಷ್ಯನು ಕೋಲಿಗೆ ಜೀವ ಕೊಟ್ಟನು, ಮಣ್ಣಿಗೆ ಜೀವ ಕೊಟ್ಟನು, ನಾಲ್ಕು ಬೀಜಗಳಿಗೆ ಹಸುವೆಂದು ಹೆಸರಿಟ್ಟನು. ಈಗ ಬೆಳಕಿನ ಚುಕ್ಕೆಗಳಿಗೂ ಊಟ ಬಡಿಸುತ್ತಿದ್ದಾನೆ. ಇಷ್ಟೊಂದು ಧಾರಾಳವಾಗಿ ಇಲ್ಲದ ಜೀವಗಳಿಗೆ ಅಕ್ಕರೆಯನ್ನು ಕೊಡಬಲ್ಲವನು ಇರುವ ಜೀವಗಳಿಗೆ ಅದನ್ನು ಕೊಡಲು ಬಡವನಾಗಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಕರುವಿದೆ, ಹಿತ್ತಿಲಲ್ಲಿ ನೀರು ಕಾಣದ ಗಿಡವಿದೆ, ತರಗತಿಯಲ್ಲಿ ಸರದಿಗಾಗಿ ಕಾದು ಕುಳಿತ ಗೆಳೆಯನಿದ್ದಾನೆ. ಅವರಾರಿಗೂ ಹಸಿವನ್ನು ತೋರಿಸುವ ಹೃದಯದ ಚಿಹ್ನೆಗಳು ತಲೆಯ ಮೇಲೆ ಕಾಣುವುದಿಲ್ಲ. ಮುಖವನ್ನು ನೋಡಿಯೇ ತಿಳಿಯಬೇಕು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ‘ತಮಾಗೊಚ್ಚಿ’ ಎಂಬ ಹೆಸರು ಯಾವ ಎರಡು ಶಬ್ದಗಳಿಂದ ಆದುದು?
2. ಪಲ್ಲಾಂಗುಳಿಯಲ್ಲಿ ‘ಪಸು’ ಎಂದರೇನು?
3. ಶ್ರೀತತ್ತ್ವನಿಧಿಯ ಯಾವ ಭಾಗದಲ್ಲಿ ಆಟಗಳ ವಿವರಣೆಯಿದೆ?
4. ಕರುವಿಗೆ ಗಿಣ್ಣುಹಾಲನ್ನು ಮೊದಲ ಗಂಟೆಗಳಲ್ಲಿಯೇ ಏಕೆ ಕುಡಿಸಬೇಕು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಸಾಕಿದುದನ್ನು ನಾವು ಪ್ರೀತಿಸತೊಡಗುತ್ತೇವೆ ಎಂಬ ಮಾತನ್ನು ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಟ್ಟು ವಿವರಿಸಿ.
2. ಜಗಲಿಯ ಮೇಲಿನ ಆಟದಲ್ಲಿ ನಕ್ಕವರ ಮಾತು ಸುಳ್ಳಲ್ಲದಿದ್ದರೂ ಅದು ಸಾಲದಾದುದು ಏಕೆ?
3. ಕರುವಿನ ಕೂಗಿಗೂ ಯಂತ್ರದ ಕೂಗಿಗೂ ಇರುವ ವ್ಯತ್ಯಾಸವೇನು?

ಇ. ಸಂದರ್ಭ ಸೂಚಿಸಿ ವಿವರಿಸಿ.
1. “ನನ್ನ ಮರೀನ ಇಬ್ರೂ ಸೇರಿ ಸಾಕೋಣ.”
2. “ಕರೆದಾಗಲೆಲ್ಲ ಓಡುವವನು ಆಟಗಾರನಲ್ಲ, ಅವನೇ ಸಾಕಿದ ಪ್ರಾಣಿ.”

ಈ. ಮಾಡಿ ನೋಡಿ.
ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರನ್ನು ಕೇಳಿ, ಪ್ರಾಣಿಗಳ ಹೆಸರು ಬರುವ ಹಳೆಯ ಆಟವೊಂದರ ನಿಯಮಗಳನ್ನು ಬರೆದುಕೊಳ್ಳಿ. ಅದನ್ನು ನಾಲ್ವರು ಸೇರಿ ಆಡಿ. ಪಾಠದಲ್ಲಿ ಹೇಳಿರುವ ಮೂರು ಪ್ರಶ್ನೆಗಳನ್ನು ಆ ಆಟಕ್ಕೂ, ನೀವು ಆಡುವ ಹೊಸ ಆಟವೊಂದಕ್ಕೂ ಹಾಕಿ, ಕಂಡುದನ್ನು ತರಗತಿಯಲ್ಲಿ ಹೇಳಿ.